ವಾಲ್ಟರನ ಪಿಸ್ತೂಲಿಗೆ ಕುಂಕುಮ

ಗ್ಲೆಂಡೇಲ್ ಹೈಟ್ಸ್

ನವರಾತ್ರಿಗೆ ಎರಡು ದಿನ ಇರುವಾಗ ನಾನು ಶಿಕಾಗೋದಲ್ಲಿ ಇಳಿದೆ. ಎರಡು ಸಾವಿರದ ಐದನೇ ಇಸವಿ. ಮರುದಿನ ಬೆಳಿಗ್ಗೆ ತಮ್ಮನ ಬೀದಿಯಲ್ಲಿ ನಡೆಯಲು ಹೊರಟರೆ ಮನೆಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ, ಪಕ್ಕದಲ್ಲಿ ಸೇವಂತಿಗೆ ಕುಂಡ. ನನಗೆ ಖುಷಿಯೋ ಖುಷಿ.

"ಕಂಠಿ, ಈ ಬೀದೀಲಿ ಎಲ್ಲರೂ ಆಯುಧಪೂಜೆ ಮಾಡ್ತಾರೇನೋ?" ಎಂದು ವಾಪಸು ಬಂದು ಕೇಳಿದೆ.

ಕಾಫಿ ಕುಡಿಯುತ್ತಿದ್ದ ತಮ್ಮ ನೆತ್ತಿಗೆ ಹತ್ತಿಸಿಕೊಂಡ. "ಅಕ್ಕ, ಅದು ಹ್ಯಾಲೋವೀನ್‌ಗೆ. ಇವರು ಒಡೆಯಲ್ಲ, ಕಣ್ಣು ಬಾಯಿ ಕೆತ್ತಿ ಒಳಗೆ ದೀಪ ಇಡ್ತಾರೆ."

"ದೃಷ್ಟಿಗೇ ತಾನೆ?"

"ಅಲ್ಲ... ಹೂಂ, ಒಂಥರಾ ದೃಷ್ಟಿಗೇ ಅಂದ್ಕೋ."

ಶ್ರೀಕಂಠ ನನಗಿಂತ ಆರು ವರ್ಷ ಚಿಕ್ಕವನು. ಇಟಾಸ್ಕಾದ ಒಂದು ಕಾರ್ಖಾನೆಯಲ್ಲಿ ಲೋಹದ ಅಚ್ಚುಗಳನ್ನು ಕಡೆಯುವ ಕೆಲಸ. ಹೆಂಡತಿ ವೀಣಾ ಔಷಧಿ ಅಂಗಡಿಯಲ್ಲಿ. ಮಗಳು ಮೇಘಾ ಹೈಸ್ಕೂಲಿನಲ್ಲಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಆದರೆ ಉಪ್ಪಿಟ್ಟನ್ನು ಮಾತ್ರ ಕನ್ನಡದಲ್ಲೇ ಕೇಳುತ್ತಿದ್ದಳು. ನನ್ನ ಮನೆಯವರು ಇಪ್ಪತ್ತು ಗಂಟೆ ಕೂರುವುದು ತಮ್ಮಿಂದಾಗದು ಎಂದು ಮೈಸೂರಿನಲ್ಲೇ ಉಳಿದಿದ್ದರು. ಅವರು ಬೀಳ್ಕೊಡುವಾಗ ಹೇಳಿದ್ದು ಒಂದೇ ಮಾತು: "ಕಂಠಿಗೆ ಏನೋ ಪಿಸ್ತೂಲಿನ ಹುಚ್ಚು ಹಿಡಿದಿದೆಯಂತೆ, ನೋಡ್ಕೊಂಡು ಬಾ."

ಹುಚ್ಚನ್ನು ನೋಡಲು ಮನೆಯ ನೆಲಮಾಳಿಗೆಗೆ ಇಳಿಯಬೇಕು. ಅಲ್ಲಿ ಒಂದು ಉದ್ದನೆಯ ಮರದ ಮೇಜು, ಸಣ್ಣ ಲೇತು, ಅರಗಳು, ಸಾಲಾಗಿ ತೂಗುಹಾಕಿದ ಇಕ್ಕಳಗಳು. ಮೇಜಿನ ನಡುವೆ ಹಸಿರು ಬಟ್ಟೆಯ ಮೇಲೆ ಎರಡು ಪಿಸ್ತೂಲುಗಳು, ಅವಳಿಜವಳಿಯಂತೆ. ಒಂದು ಕಪ್ಪುನೀಲಿಯಾಗಿ ಹೊಳೆಯುತ್ತಿತ್ತು. ಇನ್ನೊಂದು ಹಳೆಯ ಕಬ್ಬಿಣದ ಕಾವಲಿಯ ಬೆನ್ನಿನ ಹಾಗೆ ಕಂದು ತಿರುಗಿತ್ತು.

"ಹೊಳೀತಿರೋದು ನಂದು, ಇಟಲೀಲಿ ಮಾಡಿದ ನಕಲು," ಎಂದ ಕಂಠಿ. "ಇದು ಅಸಲು. ನನ್ನ ಸ್ನೇಹಿತ ವಾಲ್ಟರ್ ಅವರದು, ಅವರ ಮುತ್ತಜ್ಜ ಇಲ್ಲಿನ ಅಂತರ್ಯುದ್ಧದಲ್ಲಿ ಸೊಂಟಕ್ಕೆ ಕಟ್ಟಿದ್ದು."

ಕಾರ್ತೂಸು ಬಳಕೆಗೆ ಬರುವ ಮುಂಚಿನ ಪಿಸ್ತೂಲು ಅದು. ನಮ್ಮ ಕಡೆಯ ಕೇಪಿನ ಕೋವಿಯ ಹಾಗೆ ಮದ್ದು ಸುರಿದು, ಗುಂಡು ಜಡಿದು, ಹಿಂದೆ ಕಿಡಿ ಹಾರಿಸುವ ಕೇಪು ಕೂರಿಸಿ ಹೊಡೆಯಬೇಕು. ತಿರುಗುವ ಉರುಳೆಯಲ್ಲಿ ಹಾಗೆ ಮದ್ದು ಗುಂಡು ತುಂಬುವ ಆರು ಕುಳಿಗಳು, ಅವಕ್ಕೆ ಮನೆ ಎನ್ನುತ್ತಾರೆ. ಅಸಲನ್ನು ಯಾರೂ ದಿನಾ ಹೊಡೆಯುವುದಿಲ್ಲವಂತೆ. ಹೊಡೆಯುವ ಆಸೆಗೆ ನಕಲು, ಕಾಪಾಡುವ ಆಸೆಗೆ ಅಸಲು. ನನಗೆ ತಕ್ಷಣ ಅರ್ಥವಾಯಿತು. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಬೀದಿಗೆ ಬರುವುದು ಉತ್ಸವಮೂರ್ತಿ. ಹಾಗೆಂದೆ. "ಅಕ್ಕ, ಇದನ್ನ ನಾನು ವಾಲ್ಟರ್‌ಗೆ ಹೇಳಲೇಬೇಕು," ಎಂದ.

ವಾಲ್ಟರ್ ಡೆಟ್ರಾಯಿಟ್ ಪಕ್ಕದ ಲಿವೋನಿಯಾದವರು. ಕಾರು ಕಾರ್ಖಾನೆಯಲ್ಲಿ ಟೂಲ್‌ಮೇಕರ್ ಆಗಿ ನಿವೃತ್ತರು, ವಯಸ್ಸು ಎಂಬತ್ತರ ಹತ್ತಿರ. ಕಂಠಿ ಮೊದಲ ಸಲ ನಕಲು ಪಿಸ್ತೂಲು ಕೊಂಡು ಅದು ಸಿಕ್ಕಿಹಾಕಿಕೊಂಡಾಗ, ಗುರಿ ಹೊಡೆಯುವ ಮೈದಾನದಲ್ಲಿ ಪಕ್ಕಕ್ಕೆ ನಿಂತಿದ್ದ ಈ ಮುದುಕರು ಮಾತಿಲ್ಲದೆ ಬಿಚ್ಚಿ ಸರಿಮಾಡಿ ಕೊಟ್ಟರಂತೆ. ಅಲ್ಲಿಂದ ಸ್ನೇಹ. ಅವರ ನೇಮ ಒಂದಿದೆ: ವರ್ಷಕ್ಕೊಮ್ಮೆ, ಹಳೆಯ ಪಿಸ್ತೂಲಿನವರೆಲ್ಲ ಸೇರುವ ಶರತ್ಕಾಲದ ಕೂಟದಲ್ಲಿ ಮಾತ್ರ ಮುತ್ತಜ್ಜನ ಪಿಸ್ತೂಲನ್ನು ಹೊರಗೆ ತೆಗೆದು ಐದು ಗುಂಡು ಹೊಡೆಯುವುದು. ಹೋದ ವರ್ಷ ಒಳಗಿನ ಸ್ಪ್ರಿಂಗು ಮುರಿದು ಆ ನೇಮ ತಪ್ಪಿತ್ತು. ಈ ವರ್ಷ ಕಂಠಿ ಹೊಸ ಸ್ಪ್ರಿಂಗು ಮಾಡಿಕೊಡುವೆನೆಂದು ಒಪ್ಪಿಕೊಂಡು ತಂದಿದ್ದ. ನಾಲ್ಕು ಮಾಡಿ ಬಿಸಾಡಿ ಐದನೆಯದನ್ನು ಕೂರಿಸಿದ್ದ. ಆಯುಧಪೂಜೆಯ ವಾರದ ಶನಿವಾರ ಕೂಟ, ಅಷ್ಟರಲ್ಲಿ ಒಪ್ಪಿಸಬೇಕು.

"ಅವರು ಇದನ್ನ ಮನೆಯಿಂದ ಹೊರಗೆ ಯಾರ ಕೈಗೂ ಕೊಟ್ಟಿಲ್ಲ ಅಕ್ಕ. ಸ್ವಂತ ಅಳಿಯನಿಗೂ." ಈ ಮಾತನ್ನು ಹೇಳುವಾಗ ತಮ್ಮನ ಮುಖ, ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಇದ್ದ ಹಾಗಿತ್ತು.

ಆಯುಧಪೂಜೆ ವಾರದ ನಡುವೆ ಬಂತು. ಯಾರಿಗೂ ರಜೆ ಇಲ್ಲ. ಕಂಠಿ ಬೂಟು ಹಾಕಿಕೊಳ್ಳುತ್ತಾ, "ಅಕ್ಕ, ಕೆಳಗೆ ನನ್ನ ಟೂಲ್ಸಿಗೆಲ್ಲ ನೀನೇ ಪೂಜೆ ಮಾಡ್ಬಿಡು. ಮದ್ದು ಗುಂಡು ಬೀರೂನಲ್ಲಿ ಬೀಗ ಹಾಕಿದೀನಿ, ಭಯ ಬೇಡ," ಎಂದು ಹೊರಟ.

ನಾನು ಮಾಡಿದೆ. ನಮ್ಮಪ್ಪ ಮೈಸೂರಿನ ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಆಯುಧಪೂಜೆಯ ದಿನ ಮಾತ್ರ ನಮ್ಮನ್ನೆಲ್ಲ ಒಳಗೆ ಬಿಡುತ್ತಿದ್ದರು. ಸಾಲು ಸಾಲು ರೈಫಲ್ಲುಗಳು, ಒಂದೊಂದಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ನನ್ನ ಪಾಲಿಗೆ ಬಂದೂಕೆಂದರೆ ಆ ಬೊಟ್ಟೇ. ಲೇತಿಗೆ ಇಟ್ಟೆ, ಅರಗಳಿಗೆ ಇಟ್ಟೆ, ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಮೇಘಾಳ ಕಂಪ್ಯೂಟರಿಗೆ ಇಟ್ಟೆ. ಪಿಸ್ತೂಲುಗಳನ್ನು ಬಿಟ್ಟರೆ ಆಯುಧಪೂಜೆ ಹೇಗಾಗುತ್ತದೆ? ಮುಟ್ಟಿದರೆ ಎಣ್ಣೆ ಜಿಡ್ಡು. ಜಿಡ್ಡಿನ ಮೇಲೆ ಕುಂಕುಮ ನಿಲ್ಲುವುದಿಲ್ಲ. ಬಟ್ಟೆಯನ್ನು ಸೋಪಿನ ನೀರಿನಲ್ಲಿ ಹಿಂಡಿ ಎರಡನ್ನೂ ಶುದ್ಧವಾಗಿ ಒರೆಸಿದೆ. ಅರಿಶಿನ ಕಲಸಿ ನಳಿಗೆಗೆ ಮೂರು ಬೊಟ್ಟು, ಗುಂಡಿನ ಉರುಳೆಗೆ ಒಂದು, ಮರದ ಹಿಡಿಗೆ ಒಂದು, ಮೇಲೆ ಕುಂಕುಮ. ಬೀದಿಯ ಅಂಗಡಿಯಲ್ಲೇ ಸಿಕ್ಕ ಸೇವಂತಿಗೆ. ಮಂಗಳಾರತಿಯಾದ ಮೇಲೆ ಹೂ ತೆಗೆದು, ಅಸಲನ್ನು ಅದರ ಬಟ್ಟೆಯಲ್ಲಿ ಸುತ್ತಿ, ಮೇಜಿನ ಕೆಳಗಿದ್ದ ಅದರ ಮರದ ಪೆಟ್ಟಿಗೆಯಲ್ಲಿಟ್ಟೆ. ತಮ್ಮ ಆ ವಾರವೆಲ್ಲ ಓವರ್‌ಟೈಮಿನಲ್ಲಿದ್ದ, ಮೇಜಿನ ಕಡೆ ಸುಳಿಯಲೇ ಇಲ್ಲ. ನಕಲನ್ನು ಶುಕ್ರವಾರ ಅವಸರದಲ್ಲಿ ಚೀಲಕ್ಕೆ ತುಂಬುವಾಗ ಕುಂಕುಮ ಕಂಡು, "ಚೆನ್ನಾಗಿ ಮಾಡಿದ್ದೀಯ," ಎಂದು ನಕ್ಕು ಅಂಗಿಯಲ್ಲಿ ಒರೆಸಿಕೊಂಡ. ಪೆಟ್ಟಿಗೆಯನ್ನು ತೆರೆಯದೆ ಹಾಗೆಯೇ ಡಿಕ್ಕಿಯಲ್ಲಿಟ್ಟ.

ರೆಸ್ಟ್ ಏರಿಯಾ

ಶುಕ್ರವಾರ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ವೀಣಾಳಿಗೆ ಕೆಲಸ, ಮೇಘಾಳಿಗೆ ಶಾಲೆ. ರಸ್ತೆ ಎಂಬುದು ಇಲ್ಲಿ ನದಿ ಇದ್ದ ಹಾಗೆ. ಒಳಗೆ ಬಿದ್ದರೆ ಮುಗಿಯಿತು, ಎಕ್ಸಿಟ್ ಬರುವ ತನಕ ಒಂದು ಎಳನೀರಿನವನೂ ಸಿಗುವುದಿಲ್ಲ. ಎರಡೂ ಕಡೆ ಒಣಗಿದ ಜೋಳದ ಹೊಲ. ನಂತರ ಮಿಷಿಗನ್‌ನ ಮರಗಳು ಶುರುವಾದವು, ಕೆಂಪು, ಹಳದಿ. ಕುಂಕುಮ ಅರಿಶಿನ ಎರಚಿದ ಹಾಗೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಪಾಪ.

ಮಧ್ಯೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದ. ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಕಂಠಿ ಎರಡನೇ ಸಲ ಹಾಕಿಸಿಕೊಳ್ಳುವಾಗ, ಪೂಜೆಯ ವಿವರ ಹೇಳಿದರೆ ಅವನಿಗೆ ಸಂತೋಷವಾದೀತೆಂದು, "ವಾಲ್ಟರ್ ಅವರದ್ದಕ್ಕೂ ಚೆನ್ನಾಗಿ ಒರೆಸಿ ಬೊಟ್ಟಿಟ್ಟೆ ಕಣೋ. ನಿಂದಕ್ಕಿಂತ ಅದರ ಮೇಲೆ ಚೆನ್ನಾಗಿ ನಿಂತಿತ್ತು," ಎಂದೆ.

ಅವನ ಕೈ ಬಾಯಿಯ ಹತ್ತಿರವೇ ನಿಂತಿತು.

"ಯಾವುದರಲ್ಲಿ ಒರೆಸಿದೆ?"

"ಒದ್ದೆ ಬಟ್ಟೇಲಿ. ಸ್ವಲ್ಪ ಸೋಪು."

"ಒಣಗಿಸಿ ಎಣ್ಣೆ ಹಚ್ಚಿದ್ಯಾ?"

"ಎಣ್ಣೆ ತೆಗೆಯೋಕೆ ತಾನೆ ಒರೆಸಿದ್ದು?"

ಡಬ್ಬಿ ಬಿಟ್ಟು ಓಡಿದ. ಡಿಕ್ಕಿ ಎತ್ತಿ, ಆಕಡೆ ಈಕಡೆ ನೋಡಿ, ಪೆಟ್ಟಿಗೆಯನ್ನು ಒಳಗೇ ಇಟ್ಟುಕೊಂಡು ತೆರೆದ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಒದ್ದೆ ಕೈಯಿಂದ ಸುತ್ತಿದ ಬಟ್ಟೆ ತೇವ ಹಿಡಿದೇ ಇತ್ತು. ಕುಂಕುಮದ ಬೊಟ್ಟುಗಳು ಕಪ್ಪಾಗಿದ್ದವು. ಕಂಠಿ ಉಗುರಿನಲ್ಲಿ ಒಂದನ್ನು ಮೆಲ್ಲನೆ ಎಬ್ಬಿಸಿದ. ಅಡಿಯಲ್ಲಿ ಹೊಸ ತುಕ್ಕು, ಕಿತ್ತಳೆ ಬಣ್ಣದ್ದು, ಚಿಕ್ಕ ಚಿಕ್ಕ ಕಾಳಿನಂತೆ. ನಳಿಗೆಯ ಉದ್ದಕ್ಕೂ ನನ್ನ ಬೆರಳಿನ ಗುರುತುಗಳು ಬೇರೆ.

"ಹುಣಸೆಹಣ್ಣು ಹಾಕಿ ತಿಕ್ಕಿದರೆ..." ಎಂದೆ.

"ಅಕ್ಕ! ದಯವಿಟ್ಟು ಇನ್ನೇನೂ ಹಾಕ್ಬೇಡ!"

ಕಾರಿನೊಳಗೆ ಕೂತು ತಲೆ ಹಿಡಿದುಕೊಂಡ. ಹಳೆಯ ಪಿಸ್ತೂಲಿಗೆ ಆ ಕಂದು ಬಣ್ಣವೇ ಪ್ರಾಣವಂತೆ. ನೂರೈವತ್ತು ವರ್ಷದ ಕೈಗಳು, ಎಣ್ಣೆ, ಗಾಳಿ ಸೇರಿ ಹಿಡಿದದ್ದು. ತಂತಿಬ್ರಷ್ಷಿನಲ್ಲಿ ಉಜ್ಜಿದರೆ ತುಕ್ಕಿನ ಜೊತೆ ಅದೂ ಹೋಗಿ ಬೆಳ್ಳಗೆ ಮಚ್ಚೆ ಬೀಳುತ್ತದೆ. ಬರಿಗೈಯಲ್ಲಿ ಮುಟ್ಟಿದರೂ ಬೆವರಿನ ಉಪ್ಪಿಗೆ ತುಕ್ಕು ಬರುತ್ತದೆಂದು ಇಂಥವನ್ನು ಕಾಪಾಡುವವರು ಹತ್ತಿಯ ಗವುಸು ಹಾಕಿಕೊಳ್ಳುತ್ತಾರಂತೆ. ಮೂವತ್ತು ವರ್ಷದಿಂದ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿರುವ ನನಗೆ ಇಷ್ಟು ಹೊಳೆಯಬೇಡವೇ? ಹೊಳೆಯಲಿಲ್ಲ.

ಕಾರು ಮತ್ತೆ ರಸ್ತೆಗೆ ಬಿದ್ದ ಮೇಲೆ ಅವನು ಇದ್ದಕ್ಕಿದ್ದಂತೆ ಹೇಳಿದ: "ಇಷ್ಟು ಹಳೇದಕ್ಕೆ ಇಲ್ಲಿ ಲೈಸೆನ್ಸ್ ಬೇಡ, ಗೊತ್ತಾ? ಈ ದೇಶದ ಗವರ್ನಮೆಂಟೇ ಇದು ಆಯುಧ ಅಲ್ಲ, ಹಳೇ ಸಾಮಾನು ಅಂದ್ಬಿಟ್ಟಿದೆ. ನೀನು ಹೋಗಿ ಅದಕ್ಕೆ ಆಯುಧಪೂಜೆ ಮಾಡಿದ್ದೀಯ!"

ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ನಕ್ಕೆವು. ನಗು ಬೇಗ ನಿಂತಿತು.

"ಮುಂದಿನ ಎಕ್ಸಿಟ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ," ಎಂದ. "ಏನಾದ್ರೂ ತಗೊಂಡು, ನಾನೇ ಹೇಗಾದ್ರೂ ಮಾಡಿ, ಕಂದು ಬಣ್ಣ ಮತ್ತೆ ಬಳಿದು... ಅವರ ಕಣ್ಣೂ ಅಷ್ಟಕ್ಕಷ್ಟೆ ಈಗ."

"ಕಂಠಿ."

"ಏನು?"

"ಅವರ ಕಣ್ಣು ಅಷ್ಟಕ್ಕಷ್ಟೆ ಅಂತ ಲೆಕ್ಕ ಹಾಕಿ ನೀನು ಕೆಲಸ ಮಾಡೋದು ಬೇಡ. ನಾನು ಮಾಡಿದ್ದು, ನಾನೇ ಹೇಳ್ತೀನಿ."

"ನಿನ್ನ ಇಂಗ್ಲಿಷ್‌ನಲ್ಲಾ?"

"ಬರುವಷ್ಟರಲ್ಲಿ."

ಎಕ್ಸಿಟ್ ಬಂತು. ಕಂಠಿ ಸಿಗ್ನಲ್ ಹಾಕಿದ. ಆಮೇಲೆ ತೆಗೆದ. ಕಾರು ನೇರ ಹೋಯಿತು. ಅಲ್ಲಿಂದ ಲಿವೋನಿಯಾದವರೆಗೆ ನಾನು ಕಿಟಕಿಯ ಗಾಜಿಗೆ ಇಂಗ್ಲಿಷ್ ವಾಕ್ಯಗಳನ್ನು ಒಪ್ಪಿಸುತ್ತಾ ಹೋದೆ.

ಲಿವೋನಿಯಾ

ಶಿಕಾಗೋಗೂ ಡೆಟ್ರಾಯಿಟ್‌ಗೂ ಗಡಿಯಾರದಲ್ಲಿ ಒಂದು ಗಂಟೆ ವ್ಯತ್ಯಾಸ. ಅದು ಇಬ್ಬರಿಗೂ ಮರೆತಿತ್ತು. ನಾಲ್ಕಕ್ಕೆ ಬರುತ್ತೇವೆಂದವರು ಐದಕ್ಕೆ ತಲುಪಿದೆವು. ವಾಲ್ಟರ್ ಮನೆ ಮುಂದಿನ ಹುಲ್ಲಿನಲ್ಲಿ ಎಲೆ ಗುಡಿಸುತ್ತಿದ್ದರು. ಎತ್ತರದ ಆಳು, ಪ್ಯಾಂಟಿಗೆ ಹೆಗಲಪಟ್ಟಿ, ಬಲಗೈಯ ಒಂದು ಬೆರಳು ಅರ್ಧವಿಲ್ಲ. ಹೆಂಡತಿ ಡೊರೊತಿ ಬಾಗಿಲಲ್ಲಿ ನಿಂತು, "ಇವರು ಮೂರು ಗಂಟೆಯಿಂದ ಅದೇ ಎಲೆಗಳನ್ನೇ ಗುಡಿಸ್ತಿದ್ದಾರೆ," ಎಂದರು. ಎಷ್ಟು ಕಾದಿದ್ದರು ಎಂಬುದು ಅಷ್ಟರಲ್ಲೇ ತಿಳಿಯಿತು.

ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟ ಕಂಠಿ, "ಸ್ಪ್ರಿಂಗು ಚೆನ್ನಾಗಿ ಕೂತಿದೆ, ಆದರೆ..." ಎಂದು ನನ್ನ ಕಡೆ ನೋಡಿದ.

ನಾನು ಹೇಳಿದೆ. ಕಿಟಕಿಗೆ ಒಪ್ಪಿಸಿದ್ದ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ. ನಮ್ಮಲ್ಲಿ ವರ್ಷಕ್ಕೊಂದು ದಿನ ಉಪಕರಣಗಳಿಗೆ ಕೈಮುಗಿಯುತ್ತೇವೆ, ನನ್ನ ತಂದೆ ಬಂದೂಕಿನ ಕೆಲಸದವರು, ನಾನು ನಿಮ್ಮ ಎಣ್ಣೆ ಒರೆಸಿ ನೀರು ಮುಟ್ಟಿಸಿದೆ, ತುಕ್ಕು ಬಂದಿದೆ, ತಮ್ಮನ ತಪ್ಪಿಲ್ಲ. ಇಷ್ಟನ್ನು ಹೇಗೆ ಹೇಳಿದೆನೋ. ಕೊನೆಯದನ್ನು ಎರಡು ಸಲ ಹೇಳಿದೆ.

ವಾಲ್ಟರ್ ಪೆಟ್ಟಿಗೆ ತೆರೆದರು. ಕನ್ನಡಕ ತೆಗೆದು, ಇನ್ನೊಂದು ಕನ್ನಡಕ ಹಾಕಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಪಿಸ್ತೂಲನ್ನು ಕೆಳಗಿಟ್ಟು, ಎದ್ದು ಗ್ಯಾರೇಜಿನ ಕಡೆ ಹೋಗಿಬಿಟ್ಟರು. ಡೊರೊತಿ ನನ್ನ ಮುಂದೆ ಒಂದು ತುಂಡು ಕೇಕು ಇಟ್ಟರು. ಮೊಟ್ಟೆ ಹಾಕಿದೆಯೇ ಎಂದು ಕೇಳುವ ಧೈರ್ಯವೂ ಆಗಲಿಲ್ಲ.

ಅವರು ಬಂದಾಗ ಕೈಯಲ್ಲಿ ಎಣ್ಣೆಯ ಡಬ್ಬಿ, ಒಗೆದು ಮೆತ್ತಗಾದ ಬಟ್ಟೆಯ ಚೂರುಗಳು, ಮತ್ತೆ ಒಂದು ಪೆನ್ನಿ. ಮಾಸಲು ತಾಮ್ರದ ಒಂದು ಸೆಂಟಿನ ನಾಣ್ಯ.

"ಹಳೇ ಪೆನ್ನಿ," ಎಂದರು ವಾಲ್ಟರ್. "ಈಗಿನವು ಒಳಗೆ ಬೇರೆ ಲೋಹ, ಇದು ಪೂರ್ತಿ ತಾಮ್ರ. ತಾಮ್ರ ಉಕ್ಕಿಗಿಂತ ಮೆದು. ತುಕ್ಕನ್ನ ಕೆರೆಯುತ್ತೆ, ಪಿಸ್ತೂಲನ್ನ ಗೀರೋದಿಲ್ಲ." ನಾಣ್ಯವನ್ನು ಕಂಠಿಯ ಮುಂದೆ ಇಡಲಿಲ್ಲ, ನನ್ನ ಮುಂದೆ ಇಟ್ಟರು. "ನೀವು ಹಚ್ಚಿದ್ದು. ನೀವೇ ತೆಗೀರಿ."

ಅದು ಕೋಪವೋ ಅಲ್ಲವೋ ಆಗ ತಿಳಿಯಲಿಲ್ಲ. ಗವುಸು ಹಾಕಿಕೊಂಡು ಕೂತೆ. ತೊಟ್ಟು ಎಣ್ಣೆ ಬಿಡುವುದು, ನೆನೆಯಲು ಬಿಡುವುದು, ಪೆನ್ನಿಯ ಅಂಚಿನಿಂದ ಮೆಲ್ಲಗೆ ತಳ್ಳುವುದು, ಒರೆಸುವುದು. ಬಟ್ಟೆಗೆ ಕಿತ್ತಳೆ ಬಣ್ಣ ಇಳಿಯುತ್ತಿತ್ತು. ಮತ್ತೆ ತೊಟ್ಟು ಎಣ್ಣೆ. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ನನಗೆ ಇದ್ದೇ ಇದೆ. ಒಂದೇ ಭಯ, ಅಡಿಯಲ್ಲಿ ಬೆಳ್ಳಗೆ ಕಂಡುಬಿಟ್ಟರೆ? ಮೊದಲ ಬೊಟ್ಟಿನ ಜಾಗದಲ್ಲಿ ಕಂದೇ ಕಂಡಿತು. ವಾಲ್ಟರ್ ಬಗ್ಗಿ ನೋಡಿ, "ಮೂರು ದಿನದ ತುಕ್ಕು. ಬೇರು ಬಿಟ್ಟಿಲ್ಲ," ಎಂದರು. ನಾನು ಎರಡನೆಯ ಬೊಟ್ಟಿಗೆ ಎಣ್ಣೆ ಬಿಟ್ಟೆ.

ಮೂರನೆಯ ಬೊಟ್ಟಿಗೆ ಬರುವಷ್ಟರಲ್ಲಿ ಆ ಎಣ್ಣೆಯ ವಾಸನೆ ಅಡುಗೆಮನೆಯೆಲ್ಲ ತುಂಬಿತ್ತು. ನನ್ನ ಕೈ ನಿಂತಿತು.

"ಕಂಠಿ, ಇದು ಅಪ್ಪನ ವಾಸನೆ ಕಣೋ. ವಿಜಯದಶಮಿಯ ಮಾರನೇ ದಿನ ಕೆಲಸದಿಂದ ಬಂದಾಗ ಬರ್ತಿತ್ತು. ಅಮ್ಮ ಬಾವಿಕಟ್ಟೆ ಹತ್ರಾನೇ ನಿಲ್ಲಿಸಿ ಕೈಕಾಲು ತೊಳೆಸ್ತಿದ್ದಳು."

"ಹೂಂ. ಕುಂಕುಮ ಒರೆಸಿರ್ತಿದ್ರಲ್ಲ."

"ಏನು?"

"ಪೂಜೆ ಆದ್ಮೇಲೆ ಅಷ್ಟೂ ರೈಫಲ್ ಬಿಚ್ಚಿ ಒರೆಸಿ ಎಣ್ಣೆ ಹಾಕ್ಬೇಕಿತ್ತಲ್ಲ ಅಕ್ಕ. ಬೆಳಿಗ್ಗೆಯಿಂದ ಸಂಜೆವರೆಗೂ. ನನ್ನನ್ನ ಕರ್ಕೊಂಡು ಹೋಗ್ತಿದ್ರು, ಚಿಂದಿ ಹರಿದು ಕೊಡೋಕೆ. ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಹೆಣ್ಣುಮಕ್ಕಳನ್ನು ಬಿಡುತ್ತಿದ್ದುದು ಪೂಜೆಯ ದಿನ ಮಾತ್ರ. ಹಚ್ಚುವುದನ್ನು ನಾನು ನೋಡಿದ್ದೆ, ಒರೆಸುವುದನ್ನು ಅವನು ನೋಡಿದ್ದ. ಐವತ್ತೆರಡು ವರ್ಷ ಅರ್ಧ ಪೂಜೆಯನ್ನೇ ಪೂರ್ತಿ ಎಂದುಕೊಂಡಿದ್ದೆ.

ವಾಲ್ಟರ್ ಏನೆಂದು ಕೇಳಿದರು. ಕಂಠಿ ಹೇಳಿದ. ಅವರು ಬಹಳ ಹೊತ್ತು ತಲೆಯಾಡಿಸಿದರು. "ನಿಮ್ಮ ತಂದೆ ಜೊತೆ ನಾನು ಕೆಲಸ ಮಾಡಬಹುದಿತ್ತು," ಎಂದರು. ಆಗ ತಿಳಿಯಿತು, ಅದು ಕೋಪ ಆಗಿರಲಿಲ್ಲ. ಅಥವಾ ಆಗಿತ್ತು, ಹೋಯಿತು.

ಲೋಹವೆಲ್ಲ ಸರಿಹೋಯಿತು. ಸರಿಹೋಗದ್ದು ಒಂದೇ, ಮರದ ಹಿಡಿಯ ಮೇಲಿನ ಬೊಟ್ಟು. ಮರದ ನಾರಿನೊಳಗೆ ಬಣ್ಣ ಇಳಿದುಬಿಟ್ಟಿತ್ತು. ಎಣ್ಣೆ ಹಾಕಿದಷ್ಟೂ ಇನ್ನೂ ಕೆಂಪಗಾಯಿತು. ನಾನು ಹಿಡಿಯನ್ನು ತೋರಿಸಿ ತಪ್ಪಿತಸ್ಥಳಂತೆ ಕೂತೆ. ವಾಲ್ಟರ್ ಒಳಗಿನಿಂದ ಒಂದು ದಪ್ಪ ನೋಟ್‌ಬುಕ್ ತಂದರು. ಆ ಪಿಸ್ತೂಲಿಗೆ ಏನೇನಾಯಿತು ಎಂಬುದನ್ನೆಲ್ಲ ಅವರ ತಂದೆ ಬರೆಯಲು ಶುರುಮಾಡಿದ್ದಂತೆ, ಆಮೇಲೆ ಇವರು. ಹಿಡಿಯ ತಳದ ಗೀರು ಮುತ್ತಜ್ಜ ಅದರಲ್ಲಿ ಮೊಳೆ ಹೊಡೆದದ್ದಕ್ಕೆ. ಎಡಗಡೆಯ ಸುಟ್ಟ ಗುರುತು ಅಜ್ಜಿ ಒಲೆಯ ಹತ್ತಿರ ಇಟ್ಟದ್ದಕ್ಕೆ. ಸ್ಪ್ರಿಂಗು ಮುರಿದದ್ದು. ಅದರ ಕೆಳಗೆ, ಕಂಠಿ ಹೊಸ ಸ್ಪ್ರಿಂಗು ಮಾಡಿದ್ದು.

"ಮನೆಯವರ ಕೈತಪ್ಪುಗಳೇ ಎಲ್ಲ," ಎಂದರು. ಕೆಂಪು ಬೊಟ್ಟಿನ ಬಗ್ಗೆ ಎರಡು ಸಾಲು ಬರೆದು ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ನಿಮ್ಮ ಹೆಸರು ನೀವೇ ಬರೀರಿ. ನಿಮ್ಮ ಅಕ್ಷರದಲ್ಲಿ."

ಲಲಿತಾ ಎಂದು ಬರೆದೆ. ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

ಮೈದಾನ

ಕೂಟ ನಡೆಯುವುದು ಊರಾಚೆ, ಓಕ್ ಮರಗಳ ನಡುವೆ ಮಣ್ಣಿನ ದಿಬ್ಬ ಎಬ್ಬಿಸಿದ ಬಯಲಿನಲ್ಲಿ. ನಲವತ್ತು ಡಿಗ್ರಿ ಚಳಿ. ಅದು ಇಲ್ಲಿನ ಲೆಕ್ಕ, ನಮ್ಮ ಲೆಕ್ಕದಲ್ಲಿ ನಾಲ್ಕೋ ಐದೋ. ವೀಣಾಳ ಕೋಟು, ಕಂಠಿಯ ಟೋಪಿ, ಒಳಗೆ ನನ್ನ ಸೀರೆ. ಯಾರೂ ನನ್ನನ್ನು ವಿಚಿತ್ರವಾಗಿ ನೋಡಲಿಲ್ಲ. ಅಲ್ಲಿ ಅರ್ಧ ಜನ ನೂರೈವತ್ತು ವರ್ಷ ಹಿಂದಿನ ಟೋಪಿ, ಬೂಟು, ವೇಸ್ಟ್‌ಕೋಟು ಹಾಕಿಕೊಂಡು ಬಂದಿದ್ದರು.

ನಾನು ಮೊದಲು ಹೋದದ್ದು ಮದ್ದು ತುಂಬುವ ಮೇಜಿನ ಹತ್ತಿರ. ಅಲ್ಲಿ ಕಂಡದ್ದು ಅಡುಗೆಮನೆ. ಮದ್ದನ್ನು ಸಣ್ಣ ಅಳತೆಯಲ್ಲಿ ಸುರಿಯುತ್ತಾರೆ. ಅದರ ಮೇಲೆ ಚಮಚದಲ್ಲಿ ಬೆಳ್ಳನೆಯ ಪುಡಿ.

"ಇದೇನೋ?"

"ರವೆ," ಎಂದ ಕಂಠಿ.

"ಯಾವ ರವೆ?"

"ಉಪ್ಪಿಟ್ಟಿನ ರವೇನೇ ಅಕ್ಕ. ಇವರು ಬೆಳಿಗ್ಗೆ ಗಂಜಿ ಮಾಡಿ ತಿಂತಾರೆ. ಮದ್ದು ಕಮ್ಮಿ ಹಾಕಿದಾಗ ಖಾಲಿ ಜಾಗ ತುಂಬೋಕೆ ಇದು."

"ಹುರಿದು ಹಾಕ್ತಾರೋ ಹಸೀನೋ?"

ಪಕ್ಕದ ಗಡ್ಡದವನಿಗೆ ಕಂಠಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವನು ಗಂಭೀರವಾಗಿ ಯೋಚಿಸಿ, "ಹುರಿದು ನೋಡಿಲ್ಲ, ಮುಂದಿನ ವಾರ ನೋಡ್ತೀನಿ," ಎಂದ. ಗುಂಡು ಜಡಿದ ಮೇಲೆ ಬೆರಳಿನಲ್ಲಿ ಒಂದಿಷ್ಟು ವನಸ್ಪತಿ ಮೆತ್ತುತ್ತಾರೆ, ಕಿಡಿ ಪಕ್ಕದ ಮನೆಗೆ ಹಾರದಿರಲಿ ಎಂದು. ಥೇಟ್ ನಮ್ಮ ಡಾಲ್ಡಾ. ಎಲ್ಲ ಮುಗಿದ ಮೇಲೆ ಬಿಸಿನೀರು ಸೋಪಿನಲ್ಲಿ ತೊಳೆಯುತ್ತಾರೆ ಎಂದು ಕಂಡಾಗ ಮಾತ್ರ ನಾನು ತಮ್ಮನ ಮುಖ ನೋಡಿದೆ.

"ತೊಳೆದ ತಕ್ಷಣ ಒಣಗಿಸಿ ಎಣ್ಣೆ ಹಾಕ್ತಾರೆ," ಎಂದ ಅವನು ಚುರುಕಾಗಿ.

ಅಸಲು ನಕಲಿನ ಜಗಳವೂ ನಡೆದೇ ಇತ್ತು. ನಕಲು ಹೊಡೆಯುವವನು ನಾಟಕದ ರಾಜ ಎಂದು ಒಬ್ಬ. ಅಸಲನ್ನು ಗೋಡೆಗೆ ತೂಗುಹಾಕಿದವನು ಮೀನಿಲ್ಲದ ತೊಟ್ಟಿ ಇಟ್ಟುಕೊಂಡವನು ಎಂದು ಇನ್ನೊಬ್ಬ. ಕಂಠಿ ನನ್ನ ಮೂಲವಿಗ್ರಹ, ಉತ್ಸವಮೂರ್ತಿಯ ಮಾತನ್ನು ಬಿಡಿಸಿ ಹೇಳಿದ. ಇಬ್ಬರೂ ತಮ್ಮ ಪರವಾಗಿಯೇ ಹೇಳಿದ್ದೆಂದುಕೊಂಡು ನನಗೆ ಕಾಫಿ ತಂದುಕೊಟ್ಟರು.

ಹನ್ನೊಂದಕ್ಕೆ ವಾಲ್ಟರ್ ಸರದಿ. ಜಗಳವಾಡುತ್ತಿದ್ದವರೂ ಬಾಯಿ ಮುಚ್ಚಿ ಹಿಂದೆ ಬಂದು ನಿಂತರು. ಎಲ್ಲರಿಗೂ ಗೊತ್ತಿತ್ತು, ಹೋದ ವರ್ಷ ಈ ಗಳಿಗೆ ತಪ್ಪಿತ್ತು. ಅವರು ರೂಢಿಯಂತೆ ಒಂದನ್ನು ಖಾಲಿ ಬಿಟ್ಟು, ಐದು ಮನೆಗಳಿಗೆ ಒಂದೊಂದಾಗಿ ಮದ್ದು, ರವೆ, ಗುಂಡು ತುಂಬಿದರು. ಪಿಸ್ತೂಲು ಎತ್ತಿ ಚಾಚಿದರು. ಕಂಠಿ ನನ್ನ ಮೊಣಕೈ ಹಿಡಿದುಕೊಂಡಿದ್ದ. ಸ್ಪ್ರಿಂಗು ಅವನದು, ತುಕ್ಕು ನನ್ನದು.

ಮೊದಲ ಸದ್ದಿಗೆ ಬೆಳ್ಳನೆಯ ಹೊಗೆ ಇಡೀ ಮನುಷ್ಯನನ್ನೇ ಮುಚ್ಚಿತು. ದೀಪಾವಳಿಯ ಬೆಳಗಿನ ವಾಸನೆ. ಎರಡು. ಮೂರು. ನಾಲ್ಕನೆಯ ಸಲ ಕುದುರೆ ಎಳೆದರೆ ಬರೀ ಟಕ್ ಎಂದಿತು. ಕಂಠಿಯ ಉಗುರು ನನ್ನ ಕೋಟಿನೊಳಗೆ ನಾಟಿತು. ಮದ್ದು ತಡವಾಗಿ ಹತ್ತಿಕೊಂಡೀತೆಂದು ವಾಲ್ಟರ್ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದುಕೊಂಡು ನಿಧಾನವಾಗಿ ಎಣಿಸುತ್ತಾ ನಿಂತರು, ಆಮೇಲೆ ಕೇಪನ್ನು ನೋಡಿದರು. "ಕೇಪು ಸತ್ತಿದೆ," ಎಂದರು ತಿರುಗದೆಯೇ. "ಸ್ಪ್ರಿಂಗು ಬದುಕಿದೆ." ಹೊಸ ಕೇಪು ಕೂರಿಸಿದರು. ನಾಲ್ಕು. ಐದು.

ಹೊಗೆಯೊಳಗಿನಿಂದ ಹೊರಬಂದಾಗ ಅವರ ಮೀಸೆಯ ಮೇಲೆ ಮಸಿ, ಅಂಗೈಯ ಕೆಳಗಿನ ಹಿಡಿಯಲ್ಲಿ ಕೆಂಪು ಬೊಟ್ಟು. ಕಂಠಿಯ ಕೈಯನ್ನು ಬಹಳ ಹೊತ್ತು ಕುಲುಕಿದರು. ಗುರಿಯ ಕಾಗದದಲ್ಲಿ ನಾಲ್ಕು ತೂತು. "ಐದನೆಯದು ಎಲ್ಲಿ ಹೋಯ್ತು?" ಎಂದೆ. "ಅದು ಮುತ್ತಜ್ಜನಿಗೆ," ಎಂದರು.

ಆಮೇಲೆ ನನ್ನನ್ನೂ ಬಿಡಲಿಲ್ಲ. ಕಾರ್ತೂಸಿನ ಪಿಸ್ತೂಲನ್ನು ನನ್ನಂಥ ವಿಸಿಟರ್ ವೀಸಾದವರು ಮುಟ್ಟುವ ಹಾಗಿಲ್ಲವಂತೆ. ಮದ್ದಿನದಕ್ಕೆ ಆ ತಕರಾರಿಲ್ಲ ಎಂದು ಅಲ್ಲಿನ ಮೇಲ್ವಿಚಾರಕರೇ ಹೇಳಿದರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಕಂಠಿಯ ನಕಲನ್ನು ಎರಡೂ ಕೈಯಲ್ಲಿ ಹಿಡಿದೆ, ರುಬ್ಬುಗುಂಡಿನ ಭಾರ. ಹಿಂದಿನಿಂದ ತಮ್ಮ, "ಉಸಿರು ಬಿಡು, ಮೆಲ್ಲಗೆ ಒತ್ತು," ಎನ್ನುತ್ತಿದ್ದ. ಒತ್ತಿದೆ. ಹೊಗೆ ಕರಗಿದಾಗ ಕಾಗದ ಹಾಗೇ ಇತ್ತು. ಅದನ್ನು ಹಿಡಿದಿದ್ದ ಮರದ ಚೌಕಟ್ಟಿನ ಮೂಲೆ ಹಾರಿತ್ತು. ಗಡ್ಡದವನು ಚಪ್ಪಾಳೆ ತಟ್ಟಿದ.

ಅಪ್ಪ ಬಂದೂಕುಗಳ ನಡುವೆ ಇಪ್ಪತ್ತೆಂಟು ವರ್ಷ ಕಳೆದರೂ ಗುರಿಯಿಟ್ಟು ಹೊಡೆದದ್ದನ್ನು ನಾನು ಕಾಣೆ. ಮನೆಯಲ್ಲಿ ಮೊದಲು ಹೊಡೆದ ಹೆಣ್ಣು ನಾನೇ, ಹೊಡೆದದ್ದು ಚೌಕಟ್ಟಿಗಾದರೂ.

ಮೈಸೂರು

ವಾಪಸು ಬಂದು ಒಂದು ವರ್ಷವಾಗುತ್ತಾ ಬಂತು. ಮನೆಯವರಿಗೆ ಹುಚ್ಚಿನ ವರದಿ ಒಪ್ಪಿಸಿದ್ದೇನೆ: ಅಷ್ಟೊಂದು ಹುಚ್ಚೇನಲ್ಲ, ದಿನವೂ ಎಣ್ಣೆ ಹಚ್ಚಿ ಒರೆಸುವ ಕೆಲಸವೇ ಜಾಸ್ತಿ.

ಈ ಸಲದ ಆಯುಧಪೂಜೆಗೆ ವಾರ ಇರುವಾಗ ಕಂಠಿ ಫೋನ್ ಮಾಡಿದ. "ಅಕ್ಕ, ವಾಲ್ಟರ್ ಕೇಳ್ತಿದಾರೆ, ಈ ವರ್ಷ ಯಾವತ್ತು ಅಂತ. ನಮ್ಮ ಹಬ್ಬದ ಡೇಟು ಪ್ರತಿ ವರ್ಷ ಯಾಕೆ ಬದಲಾಗತ್ತೆ ಅಂತ ಬೇರೆ ಕೇಳ್ತಾರೆ, ನನಗೆ ಹೇಳೋಕೆ ಬರಲ್ಲ. ಹಿಡಿ ಮೇಲೆ ಅದೇ ಜಾಗಕ್ಕೆ ಬೊಟ್ಟು ಇಡ್ತಾರಂತೆ. ಮರದ ಮೇಲೆ ಮಾತ್ರ."

"ಮಾರನೇ ದಿನದ್ದು?"

"ಎಣ್ಣೆ, ಬಟ್ಟೆ, ಪೆನ್ನಿ, ಎಲ್ಲ ರೆಡಿ ಮಾಡಿಟ್ಟಿದೀನಿ ಅಂತ ನಿನಗೆ ಹೇಳೋಕೆ ಹೇಳಿದ್ರು."

ನಾನು ಪಂಚಾಂಗ ನೋಡಿ ದಿನ ಹೇಳಿದೆ.

ಪೂಜೆಯ ದಿನ ಎಂದಿನಂತೆ ಹೊಲಿಗೆ ಯಂತ್ರಕ್ಕೆ, ಕತ್ತರಿಗೆ, ಈಳಿಗೆಮಣೆಗೆ, ಮನೆಯವರ ಸ್ಕೂಟರಿಗೆ ಅರಿಶಿನ ಕುಂಕುಮ ಇಟ್ಟೆ. ಇಷ್ಟು ವರ್ಷ ಅದು ತಾನಾಗಿ ಉದುರುವ ತನಕ ಬಿಡುತ್ತಿದ್ದೆ. ಈ ಸಲ ವಿಜಯದಶಮಿ ಕಳೆದ ಬೆಳಿಗ್ಗೆ ಹಳೆಯ ಪಂಚೆಯೊಂದನ್ನು ಚಿಂದಿ ಹರಿದುಕೊಂಡು, ಎಣ್ಣೆಯ ಬಾಟಲಿ ಹಿಡಿದು ಕೂತೆ. ಯಂತ್ರದ ತಟ್ಟೆ ಬಿಚ್ಚಿ ಒರೆಸಿದೆ. ಕತ್ತರಿಯ ತಿರುಪು ಸಡಿಲಿಸಿ ಸಂದಿಯಲ್ಲಿ ಒರೆಸಿದೆ. ಹನ್ನೊಂದು ಗಂಟೆಯಾಯಿತು. ಒಳಗಿನಿಂದ ಮನೆಯವರು, "ಅಡುಗೆ ಯಾವಾಗ, ಕೈ ತೊಳ್ಕೊಂಡು ಬಾರೇ," ಎಂದು ಕೂಗಿದರು.

ಕೈ ಮೂಗಿನ ಹತ್ತಿರ ಹಿಡಿದು ನೋಡಿದೆ. ಇನ್ನೂ ಸ್ವಲ್ಪ ಹೊತ್ತು ತೊಳೆಯಲಿಲ್ಲ.